ತುರ್ತು ಚೀಲದಲ್ಲಿ ಅವ್ವನ ಸೀರೆ

ನಾನು ಹುಟ್ಟಾ ಪುಕ್ಕಲ. ಕೊಡಗಿನಲ್ಲಿ ಭಾರಿ ಮಳೆ ಎಂದು ರೇಡಿಯೋದವರು ಹೇಳಿದರೆ ಸಾಕು, ಹುಣಸೂರಿನಲ್ಲಿ ಕೂತ ನಾನು ಸಾಮಾನನ್ನೆಲ್ಲ ಅಟ್ಟಕ್ಕೆ ಏರಿಸತೊಡಗುತ್ತೇನೆ. ಅದಕ್ಕೆ ಕಾರಣವೂ ಇದೆ ಅನ್ನಿ. ನಮ್ಮ ಮನೆ ಇರುವುದು ಲಕ್ಷ್ಮಣತೀರ್ಥದ ಪಕ್ಕದ ತಗ್ಗುಬೀದಿಯಲ್ಲಿ. ಬೇಸಿಗೆಯಲ್ಲಿ ಎಮ್ಮೆ ಮಲಗುವುದಕ್ಕೂ ಸಾಲದ ಆ ಹೊಳೆ, ಆಷಾಢ ಬಂತೆಂದರೆ ನಮ್ಮ ಹಿತ್ತಲಿಗೆ ಬಂದು ಇಣುಕಿ ಹೋಗುತ್ತದೆ. ನನ್ನ ಹೆಂಡತಿ ಜಯಾಳಿಗೆ ಇದೆಲ್ಲ ತಮಾಷೆ. “ನೀರು ಬಂದ್ರೆ ನೀರಿಗಿಂತ ಮುಂಚೆ ನೀವೇ ಓಡ್ತೀರ ಬಿಡ್ರಿ” ಎನ್ನುತ್ತಾಳೆ.

ಇಂಥ ನನ್ನನ್ನೇ ಹುಡುಕಿ ಪ್ರಕೃತಿ ವಿಕೋಪದ ತರಬೇತಿಗೆ ಹಾಕಿದರು. ಪ್ರೈಮರಿ ಶಾಲೆಯ ಮೇಷ್ಟ್ರು ದನ ಎಣಿಸಿ, ಜನ ಎಣಿಸಿ, ಓಟು ಎಣಿಸಿ ಆದಮೇಲೆ ಉಳಿದದ್ದು ಇದೊಂದೇ ತಾನೆ? ಮೈಸೂರಿನಿಂದ ಬಂದಿದ್ದ ಸಾಹೇಬರು ಒಂದು ಚೀಲ ಎತ್ತಿ ತೋರಿಸಿ, ಮನೆ ಬಿಟ್ಟು ಹೊರಡುವಾಗ ಇಂಥದ್ದೊಂದು ಹೆಗಲಿಗಿದ್ದರೆ ಜೀವ ಉಳಿದ ಹಾಗೆ ಎಂದರು. ಮೊದಲು ಬೇಕಾಗುವುದು ಮೇಲಕ್ಕೆ, ಕೊನೆಗೆ ಬೇಕಾಗುವುದು ತಳಕ್ಕೆ, ಇದನ್ನು ಮಾತ್ರ ಮರೆಯಬೇಡಿ ಎಂದೂ ಒತ್ತಿ ಹೇಳಿದರು. ಮಧ್ಯಾಹ್ನ ಕೊಟ್ಟ ಚಿತ್ರಾನ್ನ ಹಳಸಿತ್ತು. ವಿಕೋಪದ ಅಭ್ಯಾಸವಾಗಲಿ ಎಂದು ಅದನ್ನೂ ತಿಂದು ಬಂದೆ.

ಬಂದವನೇ ಹಳೆಯ ರೆಕ್ಸಿನ್ ಚೀಲ ಒದರಿ ತುಂಬಲು ಕೂತೆ. ಹಗ್ಗ, ಕ್ಯಾಂಡಲ್, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಗ್ಲೂಕೋಸ್ ಬಿಸ್ಕತ್ತು, ರೇಷನ್ ಕಾರ್ಡು, ಟಾರ್ಚು, ಪಿ.ಟಿ. ಮೇಷ್ಟ್ರ ಹತ್ತಿರ ಬೇಡಿ ತಂದ ಪೀಪಿ. “ಪ್ರವಾಹದಲ್ಲೂ ನಿಮಗೆ ನಂಚ್ಕೊಳ್ಳೋಕೆ ಬೇಕಲ್ಲ” ಎಂದು ಜಯಾ ಉಪ್ಪಿನಕಾಯಿ ಶೀಸೆ ತುರುಕಿದಳು. ಇಷ್ಟು ಹೊತ್ತೂ ನೋಡುತ್ತ ಕೂತಿದ್ದ ಅವ್ವ ಎದ್ದು ಹೋಗಿ, ತನ್ನ ಟ್ರಂಕಿನಿಂದ ಹಸಿರಂಚಿನ ಒಂದು ಹೊಸ ಸೀರೆ ತಂದು ಎಲ್ಲದರ ಮೇಲಿಟ್ಟಳು.

“ಇದ್ಯಾಕವ್ವ?”

“ನಿಮ್ಮಾವ ಕೊಟ್ಟಿದ್ದು ಕಣಪ್ಪ. ನಾನು ಹೋದಾಗ ಉಡ್ಸಕ್ಕೆ.”

ಹೆಂಗಸಿಗೆ ಕಡೆಯ ಸೀರೆ ತವರಿನಿಂದಲೇ ಬರಬೇಕೆಂಬುದು ನಮ್ಮವರ ಪದ್ಧತಿ. ಅವ್ವನಿಗೆ ತವರೆಂದರೆ ಬೆಟ್ಟದಪುರದ ಅಣ್ಣ ಒಬ್ಬನೇ. ಮಕ್ಕಳಿಲ್ಲದ ಆ ಪುಣ್ಯಾತ್ಮ, “ನಾನೇ ಮೊದ್ಲು ಹೋದ್ರೆ ನಿಂಗ್ಯಾರು ತತ್ತಾರೆ ಬುಡವ್ವ” ಎಂದು ಮುಂಚೆಯೇ ತಂದುಕೊಟ್ಟಿದ್ದ. ಹಾಗೆಯೇ ಮೊದಲು ಹೋಗಿಯೂ ಬಿಟ್ಟ. ಅವ್ವನ ತವರೆಂದು ಈಗ ಉಳಿದಿರುವುದು ಆ ಸೀರೆಯೊಂದೇ.

ನನಗೆ ಎಲ್ಲಿತ್ತೋ ಸಿಟ್ಟು. “ಇದು ಬದುಕೋ ಚೀಲ ಕಣವ್ವ, ಸಾಯೋ ಚೀಲ ಅಲ್ಲ!” ಎಂದು ಕೂಗಿದೆ. “ಎರಡಕ್ಕೂ ಮನೆ ಬುಟ್ಟೇ ಹೋಗ್ಬೇಕಲ್ಲಪ್ಪ” ಎಂದು ಅವ್ವ ಎಲೆಯಡಿಕೆ ಹಾಕಿಕೊಂಡಳು. ಆಮೇಲೆ ಆ ಹಸಿರಂಚು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಅನ್ನ ಸೇರದಾಯಿತು. ಒಂದು ದಿನ ಅವ್ವ ಗುಡಿಗೆ ಹೋದಾಗ ಅದನ್ನು ಶಾಲೆಗೆ ಒಯ್ದು, ಬೀರುವಿನಲ್ಲಿ ಗ್ಲೋಬಿನ ಹಿಂದೆ ಇಟ್ಟು ಬೀಗ ಜಡಿದೆ. ಅವ್ವ ಮನೆಯೆಲ್ಲ ಜಾಲಾಡಿದಳು. ನಾನೂ ಮಂಚದಡಿಗೆ ನುಗ್ಗಿ ಬಹಳ ಶ್ರದ್ಧೆಯಿಂದ ಹುಡುಕಿಕೊಟ್ಟೆ.

ಆ ವರ್ಷದ ಆಷಾಢದಲ್ಲಿ ಕೊಡಗಿನ ಮಳೆ ನಿಲ್ಲಲೇ ಇಲ್ಲ. ಒಂದು ಮಧ್ಯಾಹ್ನ ಮೈಕು ಕಟ್ಟಿದ ಜೀಪು ಬಂದು, ಎಲ್ಲರೂ ಶಾಲೆಗೆ ಹೊರಡಿ ಎಂದು ಸಾರಿತು. ನಾನು ಹೆಗಲಿಗೆ ಚೀಲ ಏರಿಸಿ, ಬಾಯಿಗೆ ಪೀಪಿ ಕಚ್ಚಿ ಸಿದ್ಧನಾದೆ. ಅವ್ವ ಮಾತ್ರ ಮಂಚ ಬಿಟ್ಟು ಏಳಲಿಲ್ಲ.

“ಸೀರೆ ಇಲ್ದೆ ನಾನು ಒಸ್ಲು ದಾಟಕ್ಕಿಲ್ಲ. ಅಲ್ಲೇನಾರ ಎಚ್ಚುಕಮ್ಮಿ ಆದ್ರೆ ಏನು ಉಡುಸ್ತೀಯಾ ನಂಗೆ?”

“ಅತ್ತೆ, ನಿಮ್ಮ ದಮ್ಮಯ್ಯ, ಏಳಿ” ಎಂದು ಜಯಾ ಅಳುತ್ತ ಕೈ ಹಿಡಿದೆಳೆದಳು. ನೀರು ಹೊಸಿಲು ದಾಟಿ, ಒಳಗಿದ್ದ ಚಪ್ಪಲಿಗಳು ತೇಲತೊಡಗಿದವು. ನನ್ನ ಬಾಯಿಂದ ಪೀಪಿ ಬಿತ್ತು. “ಸೀರೆ ಸ್ಕೂಲಲ್ಲೈತೆ ಕಣವ್ವ. ನಾನೇ ಬಚ್ಚಿಟ್ಟಿದ್ದೀನಿ” ಎಂದೆ.

“ಮೊದ್ಲೇ ಬೊಗಳಕ್ಕೆ ಏನಾಗಿತ್ತು ನಿಂಗೆ?” ಎನ್ನುತ್ತ ಅವ್ವ ಸೆರಗು ಬಿಗಿದು ಎದ್ದೇಬಿಟ್ಟಳು. ಮೊಣಕಾಲುದ್ದದ ನೀರಿನಲ್ಲಿ ಮುಂದೆ ನಡೆದವಳು ಅವಳೇ. ತರಬೇತಿ ಪಡೆದಿದ್ದ ನಾನು ಅವಳ ಕೈ ಹಿಡಿದುಕೊಂಡು ಹಿಂದೆ ಹೋದೆ.

ಶಾಲೆಯಲ್ಲಿ ಸೀರೆ ಕೈಗೆ ಬಂದದ್ದೇ, ಅವ್ವ ಅದನ್ನು ಮೂಸಿ ನೋಡಿ, ತಲೆದಿಂಬು ಮಾಡಿಕೊಂಡು ಗೊರಕೆ ಹೊಡೆದಳು. ನನಗೆ ಕಣ್ಣು ಮುಚ್ಚಲಾಗಲಿಲ್ಲ. ಬೆಳಿಗ್ಗೆ ಅವ್ವ ಕಾಫಿ ಲೋಟ ಹಿಡಿದು ಮೆಲ್ಲಗೆ ಕೇಳಿದಳು: “ಬಚ್ಚಿಟ್ರೆ ನಾನು ಹೋಗಕ್ಕಿಲ್ಲ ಅಂದ್ಕಂಡ್ಯಾ? ಅಂಗಾಗಿದ್ರೆ ನಿಮ್ಮಪ್ಪಂಗೆ ಕಡೇಲಿ ಉಡ್ಸಿದ ಪಂಚೆನ ನಾನೂ ಬಚ್ಚಿಡ್ತಿರ್ನಿಲ್ವಾ, ದಡ್ಡ.” ನನಗೆ ಅಳು ಬಂತು. ಶೀತ ಎಂದು ಮೂಗು ಒರೆಸಿಕೊಂಡೆ.

ನೀರು ಇಳಿಯಿತು, ಮನೆಯೊಳಗಿನ ಕೆಸರು ಬಳಿದು ಹಾಕಿದೆವು. ಅಂದಿನಿಂದ ಪ್ರತಿ ಮಳೆಗಾಲಕ್ಕೂ ಚೀಲ ತುಂಬುತ್ತೇನೆ. ಅವ್ವ ಸೀರೆ ತಂದು ಮೇಲಿಡುತ್ತಾಳೆ. ಅವಳು ಅತ್ತ ಹೋದಾಗ ನಾನು ಅದನ್ನು ಹಗ್ಗದ ಕೆಳಗೆ ತಳ್ಳುತ್ತೇನೆ. ಮರುದಿನ ನೋಡಿದರೆ ಮತ್ತೆ ಮೇಲಿರುತ್ತದೆ. “ಏನ್ರೀ ನಿಮ್ಮದು?” ಎಂದು ಜಯಾ ಕೇಳಿದರೆ, ತರಬೇತಿಯಲ್ಲಿ ಹೇಳಿಕೊಟ್ಟದ್ದು ಎನ್ನುತ್ತೇನೆ.

ಈ ವರ್ಷ ಅವ್ವನಿಗೆ ಎದ್ದು ಓಡಾಡಲು ಆಗುತ್ತಿಲ್ಲ. ಮಲಗಿದಲ್ಲಿಂದಲೇ, “ಸೀರೆ ಮೇಲಿಟ್ಟಿದ್ದೀಯೇನಪ್ಪ?” ಎಂದು ಕೇಳುತ್ತಾಳೆ. “ಹ್ಞೂಂ, ಮೇಲೇ ಐತೆ ಕಣವ್ವ” ಎನ್ನುತ್ತೇನೆ. ಅದು ತಳದಲ್ಲಿದೆ. ಸಾಹೇಬರು ಒತ್ತಿ ಹೇಳಿದ್ದರಲ್ಲ, ಕೊನೆಗೆ ಬೇಕಾಗುವುದು ತಳಕ್ಕೆ ಎಂದು.