ಕಲಂ ಒಂಬತ್ತರ ಬಾತ್‌ರೂಮು

ಮನೆಗೊಂದು ಬಾತ್‌ರೂಮು ಕಟ್ಟಿಸಲು ನನಗಿಂತ ಅರ್ಹ ವ್ಯಕ್ತಿ ಇಡೀ ಹೊಸಪೇಟೆಯಲ್ಲಿ ಇಲ್ಲವೆಂದು ನಾನು ನಂಬಿದ್ದೆ. ಸಂಡೂರಿನ ಕಡೆಯ ಒಂದು ಗಣಿ ಕಂಪನಿಯಲ್ಲಿ ಕಟ್ಟಡ ಕೆಲಸಗಳ ಗುತ್ತಿಗೆ ಕರಾರು ಬರೆಯುವುದೇ ನನ್ನ ಉದ್ಯೋಗ. ನಾನು ಬರೆದ ಕರಾರಿನಿಂದ ಇದುವರೆಗೆ ಯಾವ ಗುತ್ತಿಗೆದಾರನೂ ತಪ್ಪಿಸಿಕೊಂಡಿಲ್ಲ.

ಅವ್ವನಿಗೆ ಬಳ್ಳಾರಿಯಲ್ಲಿ ಮೊಣಕಾಲಿನ ಆಪರೇಷನ್ ನಿಗದಿಯಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಆಕೆ ಮನೆಗೆ ಬರುವಷ್ಟರಲ್ಲಿ, ಆಕೆಯ ಕೋಣೆಯ ಪಕ್ಕದಲ್ಲೇ ಕಮೋಡು ಇರುವ ಬಾತ್‌ರೂಮು ಆಗಲೇಬೇಕಿತ್ತು. ಹಿತ್ತಲಲ್ಲಿದ್ದ ಹಳೆಯದರಲ್ಲಿ ಕುಕ್ಕರಗಾಲಲ್ಲಿ ಕೂರುವುದು ಇನ್ನು ಸಾಧ್ಯವಿರಲಿಲ್ಲ.

"ಹುಲುಗಪ್ಪ ಮೇಸ್ತ್ರಿಗೆ ಹೇಳಿದ್ರ ಸಾಕ್ರಿ. ಆತನಾ ನೋಡ್ಕಂಡು ಮಾಡ್ತಾನ" ಎಂದಳು ಹೆಂಡತಿ ಸುಮಂಗಲಾ.

ನೋಡಿಕೊಂಡು ಮಾಡುವುದಂತೆ! ಖರ್ಚು ಕೈಮೀರುವುದೂ ಗುಣಮಟ್ಟ ಕೆಡುವುದೂ ಈ ಒಂದು ಮಾತಿನಿಂದಲೇ ಎಂದು ಆಕೆಗೆ ಉಪನ್ಯಾಸ ಕೊಟ್ಟೆ. ನನ್ನ ಕೈಯಾರೆ ನಕ್ಷೆ ಬರೆದೆ. ಇಪ್ಪತ್ತೆರಡು ಕಲಮುಗಳ ಕರಾರು ತಯಾರಿಸಿದೆ. ಕಲಂ ಒಂಬತ್ತು: ನಕ್ಷೆಯೇ ಅಂತಿಮ, ಆಕ್ಷೇಪಣೆಗಳಿದ್ದಲ್ಲಿ ಲಿಖಿತವಾಗಿ ಸಲ್ಲಿಸತಕ್ಕದ್ದು. ಕಲಂ ಹದಿನಾಲ್ಕು: ಮುಗಿದ ಕೆಲಸವನ್ನು ಮಾಲೀಕರ ಲಿಖಿತ ಆದೇಶವಿಲ್ಲದೆ ಕೀಳತಕ್ಕದ್ದಲ್ಲ.

ಕಂಪ್ಲಿ ಕಡೆಯ ಹುಲುಗಪ್ಪ ಸಣಕಲು ಮನುಷ್ಯ, ಮಾತು ಕಡಿಮೆ. ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕಿವಿ ಕೆರೆದುಕೊಂಡ.

"ಸಾರ್, ಒಂದ್ ಮಾತು..."

"ಕಲಂ ಒಂಬತ್ತು" ಎಂದೆ.

ಮರುದಿನ ಯಾರ ಕೈಲೋ ಬರೆಸಿಕೊಂಡು ಒಂದು ಕಾಗದ ತಂದುಕೊಟ್ಟ. ಕರಾರನ್ನು ಇಷ್ಟು ಗೌರವಿಸುವವನನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಕಾಗದದ ಮೂಲೆಯಲ್ಲಿ 'ನೋಡಿದೆ' ಎಂದು ಬರೆದು, ಸಹಿ ಹಾಕಿ, ಫೈಲಿಗೆ ಸೇರಿಸಿದೆ. ಆಫೀಸಿನಲ್ಲಿ ದಿನಕ್ಕೆ ನಲವತ್ತು ಸಲ ಮಾಡುವ ಕೆಲಸ ಅದು.

ಆಮೇಲೆ ಗುಣಮಟ್ಟದ ಮೇಲೆ ಕಣ್ಣಿಟ್ಟೆ. ಮರಳನ್ನು ಬಾಟಲಿಯ ನೀರಿನಲ್ಲಿ ಕಲಕಿ ಮಣ್ಣೆಷ್ಟು ಎಂದು ನೋಡಿದೆ. ಒಂದೊಂದು ಇಟ್ಟಿಗೆಯನ್ನೂ ತಟ್ಟಿ ಸದ್ದು ಕೇಳಿದೆ. ಹುಲುಗಪ್ಪ ನಕ್ಷೆ ನೋಡಿ ನೋಡಿ ಕಟ್ಟುತ್ತಾ ಹೋದ.

ಅವ್ವ ಬರುವ ದಿನ ಬೆಳಿಗ್ಗೆ ಬಾಗಿಲು ಕೂಡಿಸಿದ. ನಾನು ಗತ್ತಿನಿಂದ ತಳ್ಳಿದೆ. ಬಾಗಿಲು ಒಳಕ್ಕೆ ಒಂದೂವರೆ ಗೇಣು ಹೋಗಿ, ಕಮೋಡಿಗೆ ಠಪ್ಪೆಂದು ಬಡಿದು ನಿಂತಿತು. ಮತ್ತೆ ತಳ್ಳಿದೆ. ಮತ್ತೆ ಠಪ್. ಅಳತೆ ಟೇಪು ಹಿಡಿದು, ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಹೇಗೋ ಒಳಗೆ ತೂರಿದೆ. ಎಲ್ಲವೂ ನಕ್ಷೆಯಲ್ಲಿದ್ದಂತೆ ಕರಾರುವಾಕ್ಕಾಗಿತ್ತು.

ಹೊರಗೆ ಬರಲು ಆಗಲಿಲ್ಲ. ಹೊಟ್ಟೆ ಎರಡನೇ ಸಲ ಒಪ್ಪಲಿಲ್ಲ.

"ಮೊದ್ಲಾ ಯಾಕ ಹೇಳ್ಲಿಲ್ಲ ನೀನು?" ಎಂದು ಒಳಗಿನಿಂದಲೇ ಗದರಿದೆ.

ಸುಮಂಗಲಾ ನನ್ನ ಫೈಲಿನಿಂದ ತೆಗೆದುಕೊಟ್ಟ ಒಂದು ಕಾಗದ ಸಂದಿಯಲ್ಲಿ ತೂರಿ ಬಂತು. 'ಬಾಗಿಲು ಹೊರಕ್ಕೆ ತೆರೆಯುವಂತೆ ಇಡಬೇಕು. ಒಳಕ್ಕೆ ಇಟ್ಟರೆ ಕಮೋಡಿಗೆ ಬಡಿಯುತ್ತದೆ, ಅಮ್ಮನವರ ವಾಕರ್ ಹೋಗುವುದಿಲ್ಲ.' ಮೂಲೆಯಲ್ಲಿ 'ನೋಡಿದೆ'. ಕೆಳಗೆ ನನ್ನದೇ ಸಹಿ, ಮುದ್ದಾಗಿ.

ಅಷ್ಟರಲ್ಲಿ ಕಾರು ಬಂತು. ಅಂಗಳದಿಂದ ಅವ್ವನ ದನಿ ಕೇಳಿಸಿತು: "ಸುಮಂಗಲಾ, ಬಳ್ಳಾರಿಯಿಂದ ತಡ್ಕಂಡು ಬಂದೀನವ್ವಾ. ಜಲ್ದಿ ಕರ್ಕಂಡು ನಡಿ."

"ಹುಲುಗಪ್ಪ, ಬಾಗ್ಲು ಕೀಳೋ ಮಾರಾಯ" ಎಂದು ಬೇಡಿಕೊಂಡೆ.

"ಬಾಯಿಮಾತು ನಡಿಯಂಗಿಲ್ಲ ಸಾರ್. ಕಲಂ ಹದಿನಾಕು."

ಸಂದಿಯಲ್ಲಿ ಕಂಡ ಅವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಕಮೋಡಿನ ಮೇಲೆ ಕುಳಿತು, ಅದೇ ಕಾಗದದ ಬೆನ್ನಿಗೆ, ಜೇಬಿನ ಪೆನ್ನು ತೆಗೆದು ಆದೇಶ ಬರೆದು ಸಂದಿಯಲ್ಲಿ ತೂರಿಸಿದೆ. ಎರಡು ನಿಮಿಷದಲ್ಲಿ ಬಾಗಿಲು ಕಳಚಿತು. ನಾನು ಹೊರಗೆ ಬಂದೆ, ಅವ್ವ ವಾಕರ್ ಹಿಡಿದು ಒಳಗೆ ಹೋದಳು.

ಈಗ ಬಾಗಿಲಿಲ್ಲ. ಸುಮಂಗಲಾ ಒಂದು ಹಳೆಯ ಸೀರೆ ತಂದು, ಅದರ ಎರಡು ಚುಂಗನ್ನೂ ನನ್ನ ಕೈಗೆ ಕೊಟ್ಟಳು.

"ಆಕಡಿ ಮಾರಿ ಮಾಡಿ, ಅಗಲಕ ಹಿಡ್ಕಂಡು ನಿಲ್ರಿ. ಚೌಕಟ್ಟು ಕಿತ್ತು ತಿರುಗಿಸಿ ಕೂಡ್ಸಾಕ ನಾಕು ದಿನ ಬೇಕಂತ."

ಆಫೀಸಿಗೆ ನಾಲ್ಕು ದಿನದ ರಜೆ ಅರ್ಜಿ ಕಳಿಸಿದೆ. ಎಲ್ಲವೂ ಲಿಖಿತವಾಗಿರತಕ್ಕದ್ದು ಎನ್ನುವ ನಾನು, 'ರಜೆಗೆ ಕಾರಣ' ಎಂಬ ಜಾಗವನ್ನು ಖಾಲಿ ಬಿಟ್ಟೆ.