ಐದು ಹೆಜ್ಜೆಯಲ್ಲಿ ಹೋದ ಮಾಸಾಶನ

ಸರಕಾರದವರು ನನ್ನ ಎಡಗಾಲನ್ನು ನೋಡಲು ಬರುತ್ತಾರೆಂಬ ಕಾಗದ ಬಂದಾಗ ನನಗೆ ಒಂದಿಷ್ಟೂ ಗಾಬರಿಯಾಗಲಿಲ್ಲ. ಯಾಕೆ ಆಗಬೇಕು? ಕಾಲು ಅಲ್ಲೇ ಇತ್ತು. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಬಲಗಾಲಿಗಿಂತ ಮೋಟಾಗಿ ನಿಂತ ಕಾಲು ಅದು. ಆಮೇಲಿನ ನಲವತ್ತೈದು ವರ್ಷಗಳಲ್ಲಿ ಒಂದು ದಿನವೂ ಮನಸ್ಸು ಬದಲಾಯಿಸಿರಲಿಲ್ಲ. ಅಂಗವಿಕಲರ ಮಾಸಾಶನ ಪಡೆಯುವವರನ್ನೆಲ್ಲ ಮತ್ತೊಮ್ಮೆ ಪರಿಶೀಲಿಸುತ್ತಾರಂತೆ, ಗುರುವಾರ ಅಧಿಕಾರಿ ಮನೆಗೇ ಬರುತ್ತಾರಂತೆ. ಬರಲಿ, ನೋಡಲಿ, ಹೋಗಲಿ. ಓದದೆ ಪಾಸಾಗುವ ಪರೀಕ್ಷೆ ಇದೊಂದೇ ಎಂದುಕೊಂಡೆ.

ಆ ಮಾಸಾಶನದ ವಿಷಯ ಸ್ವಲ್ಪ ಹೇಳಬೇಕು. ನಾನು ಸೂಲಿಬೆಲೆಯಲ್ಲಿ ಮನೆಯಲ್ಲೇ ಕೂತು ರವಿಕೆ ಹೊಲಿಯುತ್ತೇನೆ. ಹೊಲಿಗೆಯ ದುಡ್ಡು ಮನೆಗೆ, ಮಾಸಾಶನ ಮಾತ್ರ ನನಗೆ. ತಿಂಗಳಿಗೊಮ್ಮೆ ಪಕ್ಕದ ಬೀದಿಯ ಬಾಬುವಿನ ಆಟೋ ಕರೆಸಿ, ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತು, ನಾನು ಹೇಳಿದ ಕಡೆ ಹೋಗುತ್ತೇನೆ. ಬಹಳ ದೂರವೇನಲ್ಲ. ಊರಾಚೆಯ ಕೆರೆ ಏರಿಗೆ. ಆಟೋ ಏರಿಯ ಮೇಲೆ ನಿಲ್ಲುತ್ತದೆ. ನಾನು ಇಳಿಯದೆ ಅರ್ಧ ಗಂಟೆ ನೀರು ನೋಡಿ ವಾಪಸ್ಸು ಬರುತ್ತೇನೆ. ಇದು ನಮ್ಮ ಯಜಮಾನರಿಗೆ ಗೊತ್ತಿರಲಿಲ್ಲ.

ಗೊತ್ತಾಗಬಾರದು ಎಂಬುದಕ್ಕೂ ಕಾರಣವಿತ್ತು. ಅವರು ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು. ಚೊಂಬು ಹಾಲಿಗೆ ಚಮಚ ನೀರು ಬೆರೆಸಿದರೂ ಹಿಡಿಯುತ್ತಾರೆ, ಆದರೆ ಬೆರೆಸಿದವರನ್ನು ಬೈಯುವುದಿಲ್ಲ. ಸಂಜೆ ಕೆಲಸ ಮುಗಿಸಿ ದಿನಾ ಅದೇ ಏರಿಯ ಮೇಲೆ ನಡೆಯಲು ಹೋಗುತ್ತಾರೆ. ಮದುವೆಯಾದ ಹೊಸತರಿಂದಲೂ ಹೊರಡುವಾಗ ಬಾಗಿಲಲ್ಲಿ ನಿಂತು "ಬರ್ತೀಯಾ?" ಎಂದು ಕೇಳುತ್ತಾರೆ. ನಾನು "ದೋಸೆಗೆ ರುಬ್ಬಬೇಕು" ಅನ್ನುತ್ತೇನೆ. ಇಪ್ಪತ್ಮೂರು ವರ್ಷದಿಂದ ನಮ್ಮ ಮನೆಯಲ್ಲಿ ರುಬ್ಬಿದ ಹಿಟ್ಟಿಗೆ ಲೆಕ್ಕವೇ ಇಲ್ಲ.

ಹೋಗುವ ಆಸೆ ಇಲ್ಲದಿದ್ದರೆ ಹನ್ನೊಂದು ಗಂಟೆಯ ಬಿಸಿಲಲ್ಲಿ ಕದ್ದುಹೋಗಿ ಅದೇ ಏರಿ ನೋಡಿಕೊಂಡು ಬರುತ್ತಿದ್ದೆನೇ? ತುಂಬಾ ಆಸೆಯಿತ್ತು. ಇವರು ಇಲ್ಲಿ ನಿಲ್ಲುತ್ತಾರೇನೋ, ಆ ಕಲ್ಲಿನ ಮೇಲೆ ಕೂರುತ್ತಾರೇನೋ ಎಂದೆಲ್ಲ ಆಟೋದಲ್ಲಿ ಕೂತು ಊಹಿಸುತ್ತಿದ್ದೆ. ಆದರೆ ಅವರ ಪಕ್ಕದಲ್ಲಿ ಅಷ್ಟುದ್ದಕ್ಕೂ ವಾಲಾಡಿಕೊಂಡು ನಡೆಯಲು ನನಗೆ ಮುಖವಿರಲಿಲ್ಲ. ನಾನು ಅವರಿಗೆ ಮೋಸ ಮಾಡಿದ್ದೆ. ಐದು ಹೆಜ್ಜೆಯ ಮೋಸ.

ಅದು ನಮ್ಮಮ್ಮ ಕಲಿಸಿದ ವಿದ್ಯೆ. ಹೆಣ್ಣು ನೋಡಲು ಬರುವವರ ಮುಂದೆ ಕಾಲು ಕಾಣಬಾರದೆಂದು ಅಮ್ಮ ನನಗೆ ಹದಿನೆಂಟನೇ ವಯಸ್ಸಿನಿಂದ ತರಬೇತಿ ಕೊಟ್ಟಿದ್ದರು. ಎಡಗಾಲ ಹಿಮ್ಮಡಿ ಎತ್ತಬೇಕು, ಸೀರೆಯೊಳಗೆ ಬಲಮಂಡಿ ಒಂಚೂರು ಬಗ್ಗಿಸಬೇಕು, ಕಣ್ಣು ಕಾಫಿ ಲೋಟದ ಮೇಲಿರಬೇಕು. ಹಾಗೆ ನಡೆದರೆ ಐದು ಹೆಜ್ಜೆಯವರೆಗೆ ನಾನು ಎಲ್ಲರಂತೆ. ಆರನೆಯದಕ್ಕೆ ಸೊಂಟ ಕೈಕೊಡುತ್ತಿತ್ತು. ಅದಕ್ಕೆ ಅಮ್ಮ ಅಡುಗೆಮನೆ ಬಾಗಿಲಿಂದ ಐದು ಹೆಜ್ಜೆ ಅಳೆದು ಚಾಪೆ ಹಾಸುತ್ತಿದ್ದರು. ಎಂಟು ಗಂಡಿನ ಕಡೆಯವರು ಬಂದು, ಉಪ್ಪಿಟ್ಟು ತಿಂದು, ಬೀದಿಯಲ್ಲಿ ಯಾರನ್ನೋ ವಿಚಾರಿಸಿ, ತಿರುಗಿ ಬರಲಿಲ್ಲ. ಒಂಬತ್ತನೆಯವರು ಒಪ್ಪಿದರು. ಪಾಪ, ಮದುವೆಯಾದ ಮೇಲೆ ಗೊತ್ತಾಗಿ, ಸಂಕೋಚಕ್ಕೆ ಸುಮ್ಮನಿದ್ದಾರೆ ಎಂದು ನಾನು ನಂಬಿದ್ದೆ. ಅವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇರಲಿ, ಗುರುವಾರಕ್ಕೆ ಬರೋಣ.

ಅಧಿಕಾರಿ ಬರುವ ಸುದ್ದಿ ಕೇಳಿ ಪಕ್ಕದ ಮನೆಯ ಪದ್ದಕ್ಕ ಬುಧವಾರವೇ ಬಂದು ಠಿಕಾಣಿ ಹಾಕಿದಳು. ಪರದೆ ಒಗೆಸಿದಳು. ನನ್ನ ರೇಷ್ಮೆ ಸೀರೆ ತೆಗೆಸಿದಳು.

"ಇದೆಲ್ಲಾ ಯಾಕೆ ಪದ್ದಕ್ಕಾ?" ಅಂದೆ.

"ಮನೆಗ್ ಬರೋರ ಮುಂದೆ ಕಳೆಯಾಗಿರ್ಬೇಕು ಕಣೆ. ಹಳೇ ಸೀರೆಲಿ ಕೂತ್ರೆ ಏನಂದ್ಕೊಂಡಾರು? ನಾನು ಕೇಸರಿಬಾತ್ ಮಾಡ್ತೀನಿ, ನೀನು ಉಪ್ಪಿಟ್ಟು ನೋಡ್ಕೊ."

ನಮ್ಮ ಯಜಮಾನರು ಪೇಪರ್ ಮಡಚಿ, "ಕಾಲು ನೋಡೋಕ್ ಬರೋರಿಗೆ ಕೇಸರಿಬಾತ್ ಯಾಕೆ?" ಎಂದರು.

"ನಿಮಗ್ ಗೊತ್ತಾಗಲ್ಲ, ಸುಮ್ನಿರಿ" ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು.

ಗುರುವಾರ ಬೆಳಿಗ್ಗೆ ಅಧಿಕಾರಿ ಬಂದರು. ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯ ನಡತೆ. ಹಾಲ್‌ನಲ್ಲಿ ಪದ್ದಕ್ಕ ಹಾಸಿದ ಹೊಸ ಜಮಖಾನದ ಮೇಲೆ ಕುರ್ಚಿ ಹಾಕಿಸಿಕೊಂಡು ಫಾರಂ ತೆಗೆದರು. ನಾನು ಅಡುಗೆಮನೆಯಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಮುಡಿಯಲ್ಲಿ ಮಲ್ಲಿಗೆ, ಮೈಮೇಲೆ ರೇಷ್ಮೆ, ಕೈಯಲ್ಲಿ ಕಾಫಿ. ಹಾಲ್‌ನಲ್ಲಿ ಯಾರೋ ಗಂಡಸು ಕೆಮ್ಮಿದ ಸದ್ದು. "ಬಾರಮ್ಮ" ಎಂದು ಪದ್ದಕ್ಕ ರಾಗವಾಗಿ ಕರೆದಳು.

ಅಷ್ಟೇ. ಮುಂದೆ ನಡೆದದ್ದಕ್ಕೆ ನಾನು ಜವಾಬ್ದಾರಳಲ್ಲ, ನನ್ನ ಕಾಲು ಜವಾಬ್ದಾರ. ಹಿಮ್ಮಡಿ ತಾನಾಗಿ ಮೇಲೆದ್ದಿತು. ಮಂಡಿ ತಾನಾಗಿ ಬಗ್ಗಿತು. ಕಣ್ಣು ಲೋಟದ ಮೇಲೆ ನೆಟ್ಟಿತು. ಒಂದು, ಎರಡು, ಮೂರು, ನಾಲ್ಕು, ಐದು. ಒಂದು ತೊಟ್ಟು ಕಾಫಿ ಚೆಲ್ಲಲಿಲ್ಲ. ಅಮ್ಮ ಬದುಕಿದ್ದರೆ ಕಣ್ಣೀರು ಹಾಕುತ್ತಿದ್ದರು.

ಅಧಿಕಾರಿ ನನ್ನನ್ನೂ ಫಾರಮ್ಮನ್ನೂ ನೋಡಿದರು. "ನಡೆಯೋಕೆ ತೊಂದ್ರೆ ಇದೆಯಾ ಅಮ್ಮಾ?"

"ಇಲ್ಲ ಸಾರ್" ಎಂದೆ, ತಲೆ ತಗ್ಗಿಸಿ. ಆ ಪ್ರಶ್ನೆಗೆ ನನಗೆ ಗೊತ್ತಿದ್ದ ಉತ್ತರ ಅದೊಂದೇ.

"ಮನೆಕೆಲಸ?"

ಪದ್ದಕ್ಕ ನನ್ನ ಬಾಯಿಗೆ ಅವಕಾಶವನ್ನೇ ಕೊಡಲಿಲ್ಲ. "ಒಂದ್ ಕೆಲ್ಸಕ್ಕೂ ಇಲ್ಲ ಅನ್ನೋಳಲ್ಲ ಸಾರ್. ಐದು ಗಂಟೆಗೇ ಎದ್ದು ರಂಗೋಲಿ ಬಿಡ್ತಾಳೆ. ಹತ್ತು ಜನಕ್ಕೆ ಒಬ್ಳೇ ಬೇಯಿಸಿ ಹಾಕ್ತಾಳೆ. ಬೀದಿಯೋರ್ ರವಿಕೆಯೆಲ್ಲ ಇವಳದೇ ಹೊಲಿಗೆ. ಕೇಸರಿಬಾತ್ ಸಹಿತ ಇವಳೇ ಮಾಡಿದ್ದು."

ಕೇಸರಿಬಾತ್ ಅವಳೇ ಮಾಡಿದ್ದು. ಹೆಣ್ಣು ತೋರಿಸುವಾಗ ಅಷ್ಟು ಸುಳ್ಳು ನಡೆಯುತ್ತದೆ. ಅಧಿಕಾರಿ ಎರಡನೇ ಸಲ ಹಾಕಿಸಿಕೊಂಡು ತಿಂದು, ಬರೆಯುವುದನ್ನು ಬರೆದು, ನನ್ನ ಸಹಿ ಪಡೆದು, ಕೈಮುಗಿದು ಹೊರಟರು. ನಾನು ಸಹಿ ಹಾಕುವಾಗ ನಮ್ಮ ಯಜಮಾನರು ಬಗ್ಗಿ ಫಾರಂ ಓದಿದ್ದರು. ಜೀಪು ಹೋದ ಮೇಲೆ ಬಾಯಿ ಬಿಟ್ಟರು.

"ಸಾಮಾನ್ಯರಂತೆ ನಡೆಯುತ್ತಾರೆ ಅಂತ ಬರ್ಕೊಂಡಿದ್ದಾರೆ."

ಎಂಟು ಗಂಡಿನ ಕಡೆಯವರು ಒಪ್ಪದ ನನ್ನ ನಡಿಗೆಯನ್ನು ಸರಕಾರ ಒಂದೇ ನೋಟಕ್ಕೆ ಒಪ್ಪಿಬಿಟ್ಟಿತ್ತು. ಪದ್ದಕ್ಕ ಕೇಸರಿಬಾತಿನ ಪಾತ್ರೆ ಎತ್ತಿಕೊಂಡು ಮೆಲ್ಲಗೆ ಮನೆಗೆ ಹೋದಳು.

ಮುಂದಿನ ತಿಂಗಳು ಮಾಸಾಶನ ಬರಲಿಲ್ಲ. ಬಾಬು ಆಟೋ ತಂದು ನಿಲ್ಲಿಸಿದಾಗ ಇವತ್ತು ಬೇಡಪ್ಪ ಎಂದು ಕಳಿಸಿದೆ. ಬಾಗಿಲಲ್ಲಿ ನಿಂತು ಆ ಖಾಲಿ ಆಟೋ ತಿರುವು ದಾಟುವವರೆಗೂ ನೋಡಿದೆ. ಅರ್ಧ ಗಂಟೆ ನೀರು ನೋಡುವುದು ಎಷ್ಟು ದೊಡ್ಡ ವಿಷಯ ಎಂದು ಅವತ್ತು ತಿಳಿಯಿತು. ಇಡೀ ದಿನ ಒಂದು ರವಿಕೆಯ ತೋಳನ್ನು ಮೂರು ಸಲ ಬಿಚ್ಚಿ ಹೊಲಿದೆ.

ಯಜಮಾನರು ಅರ್ಜಿ ಹಾಕಿದರು. ಹೊಸಕೋಟೆಯ ಆಸ್ಪತ್ರೆಯಲ್ಲಿ ಡಾಕ್ಟರೇ ಪರೀಕ್ಷೆ ಮಾಡುತ್ತಾರೆ, ಬನ್ನಿ ಎಂದು ಉತ್ತರ ಬಂತು. ಈ ಸಲ ತಪ್ಪಬಾರದೆಂದು ಪದ್ದಕ್ಕನ ಮುಂದಾಳತ್ವದಲ್ಲಿ ಕುಂಟುವ ಅಭ್ಯಾಸ ಶುರುವಾಯಿತು. ಹಾಲ್‌ನಲ್ಲಿ ಅವಳು ಕುರ್ಚಿ ಹಾಕಿಕೊಂಡು ಕೂರುವಳು, ನಾನು ಅಡುಗೆಮನೆಯಿಂದ ಬರುವೆನು.

"ಥೂ, ಮತ್ತೆ ನೆಟ್ಟಗ್ ಬರ್ತಿದ್ದೀಯ. ವಾಲೇ."

"ನೀನು ನೋಡ್ತಿದ್ರೆ ಆಗಲ್ಲ ಪದ್ದಕ್ಕಾ."

"ನೋಡ್ದೆ ಇದ್ರೆ ಹೆಂಗ್ ಗೊತ್ತಾಗುತ್ತೆ?"

ಅವಳು ಅತ್ತ ತಿರುಗಿದರೆ ಚೆನ್ನಾಗಿಯೇ ಕುಂಟುತ್ತಿದ್ದೆ. ಇತ್ತ ತಿರುಗಿದರೆ ಕಾಲು ನೆಟ್ಟಗಾಗುತ್ತಿತ್ತು. ನಿಜವಾಗಿ ಕುಂಟಿಯಾದವಳು ಕುಂಟಲು ಬಾರದೆ ಫೇಲಾದದ್ದು ಸೂಲಿಬೆಲೆಯಲ್ಲಿ ಬಹುಶಃ ಅದೇ ಮೊದಲು.

ಆಸ್ಪತ್ರೆಯಲ್ಲಿ ಹೆಸರು ಕರೆದರು. ಬಾಗಿಲಿಂದ ಮೇಜಿನವರೆಗೆ ನೋಡಿದೆ. ಸರಿಯಾಗಿ ಐದು ಹೆಜ್ಜೆ. ಅಲ್ಲಿ ನರ್ಸ್ ನೋಡುತ್ತಿದ್ದಳು, ಕಾಯುವವರು ನೋಡುತ್ತಿದ್ದರು, ಹಿಂದೆ ಯಜಮಾನರು ನೋಡುತ್ತಿದ್ದರು. ನಾನು ನೀಟಾಗಿ ನಡೆದುಹೋಗಿ ಮೇಜಿನ ಮುಂದೆ ನಿಂತೆ. ಮುಗಿಯಿತು ಎಂದುಕೊಂಡೆ.

ವಯಸ್ಸಾದ ಲೇಡಿ ಡಾಕ್ಟರು ಏನೋ ಬರೆಯುತ್ತಿದ್ದವರು ತಲೆಯನ್ನೇ ಎತ್ತಿರಲಿಲ್ಲ. "ಮಲಕ್ಕೊಳಿ" ಎಂದು ಮಂಚ ತೋರಿಸಿ, ಡ್ರಾಯರಿನಿಂದ ಟೇಪು ತೆಗೆದರು. ನಾನು ದಿನಾ ಕುತ್ತಿಗೆಗೆ ಹಾಕಿಕೊಳ್ಳುವಂಥದೇ ಟೇಪು. ಸೊಂಟದಿಂದ ಹಿಮ್ಮಡಿಗೆ ಹಿಡಿದು ಎರಡು ಕಾಲನ್ನೂ ಅಳೆದರು.

"ಎರಡೂವರೆ ಇಂಚು ಗಿಡ್ಡ ಇದೆ. ಸಾಮಾನ್ಯ ನಡಿಗೆ ಅಂತ ಹೆಂಗ್ ಬರೆದ್ರು?"

"ನಾನೇ ಹಂಗೆ ನಡ್ದೆ ಮೇಡಂ. ಅಭ್ಯಾಸ ಆಗ್ಬಿಟ್ಟಿದೆ, ಐದು ಹೆಜ್ಜೆ."

"ಆಮೇಲೆ?"

"ಆಮೇಲೆ ಆಗಲ್ಲ."

"ಆ ಆಮೇಲಿಂದೇ ನನಗ್ ಬೇಕಾಗಿರೋದು. ಎದ್ದು ಗೋಡೆವರೆಗೂ ನಡೀರಿ."

ಆರನೆಯ ಹೆಜ್ಜೆಯನ್ನು ಈವರೆಗೆ ನನ್ನಿಂದ ಯಾರೂ ಕೇಳಿರಲಿಲ್ಲ. ನಡೆದೆ. ಆರು, ಏಳು, ಎಂಟು. ಸೊಂಟ ವಾಲಿತು, ಕೈ ಗಾಳಿಯಲ್ಲಿ ಆಡಿತು, ಗೋಡೆ ಹಿಡಿದು ನಿಂತೆ. ಹಿಂದೆ ತಿರುಗಿ ಯಜಮಾನರ ಮುಖ ನೋಡುವ ಧೈರ್ಯ ಬರಲಿಲ್ಲ. ಡಾಕ್ಟರು ಬರೆದು ಸೀಲು ಹಾಕಿದರು. ಮಾಸಾಶನ ಮತ್ತೆ ಬರುತ್ತದೆ, ಹೋಗಿ ಬನ್ನಿ ಎಂದರು.

ಸೂಲಿಬೆಲೆಯಲ್ಲಿ ಬಸ್ಸಿಳಿದಾಗ ಬಾಬು ಸ್ಟ್ಯಾಂಡಿನಲ್ಲೇ ಇದ್ದ. ಇಬ್ಬರೂ ಹತ್ತಿದೆವು. ಅವನು ಗಾಡಿ ಸ್ಟಾರ್ಟ್ ಮಾಡಿ, "ಅಕ್ಕಾ, ಯಾವಾಗ್ಲೂ ಹೋಗೋ ಕೆರೆ ಏರಿಗಾ, ಇಲ್ಲಾ ಮನೆಗಾ?" ಎಂದ.

ಯಜಮಾನರು ನನ್ನ ಕಡೆ ತಿರುಗಿದರು. "ಏರಿಗೆ ಹೋಗ್ತೀಯಾ ನೀನು?"

"ತಿಂಗಳಿಗೊಂದ್ಸಲ."

"ನಾನ್ ಕರದ್ರೆ ರುಬ್ಬಬೇಕು ಅಂತೀಯಲ್ಲ."

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಹೇಳಿದೆ. "ಹೆಣ್ಣು ನೋಡೋಕ್ ಬಂದಾಗ ನಿಮಗೆ ಮೋಸ ಮಾಡ್ದೆ. ಐದು ಹೆಜ್ಜೆ ನೆಟ್ಟಗೆ ನಡ್ದು ತೋರಿಸ್ದೆ. ಆಮೇಲೆ ನಿಮ್ ಜೊತೆ ವಾಲ್ಕೊಂಡು ನಡೆಯೋಕೆ ಮುಖ ಇರ್ಲಿಲ್ಲ."

ಅವರು ಕೈಯಲ್ಲಿದ್ದ ಆಸ್ಪತ್ರೆಯ ಕಾಗದ ಮಡಚಿ ಜೇಬಿಗಿಟ್ಟರು.

"ಅದಕ್ ಮುಂಚೆ ನಿಮ್ಮೂರ್ ಡೈರಿಗೆ ನಾಲ್ಕು ದಿನ ಬದಲಿ ಡ್ಯೂಟಿಗೆ ಬಂದಿದ್ದೆ. ಕಿಟಕಿ ಹಿಂದೆ ಕೂತಿದ್ದೆ, ನೀನು ತಲೆ ಎತ್ತಿ ನೋಡ್ಲಿಲ್ಲ. ದಿನಾ ದೂರದಿಂದ ನೀನು ಹಾಲಿನ ಕ್ಯಾನು ಹಿಡ್ಕೊಂಡು ವಾಲ್ಕೊಂಡು ಬರ್ತಿದ್ದೆ. ಒಂದಿನಾನೂ ನೀರು ಸೇರಿಸಿರ್ಲಿಲ್ಲ. ನಾನೇ ಮನೇಲಿ ಕೇಳಿ ಹೆಣ್ಣು ನೋಡೋಕ್ ಬಂದಿದ್ದು."

"ಮತ್ತೆ ಅವತ್ತು ನಾನು ನೆಟ್ಟಗ್ ನಡದಾಗ?"

"ಕಾಲಿಗೇನಾಯ್ತಪ್ಪಾ ಇವಳಿಗೆ ಅಂದ್ಕೊಂಡೆ." ಆಮೇಲೆ ದನಿ ತಗ್ಗಿಸಿ, "ನನ್ ಜೊತೆ ನಡೆಯೋದು ನಿಂಗ್ ಇಷ್ಟ ಇಲ್ಲ ಅಂತಾನೇ ಇಷ್ಟು ವರ್ಷ ತಿಳ್ಕೊಂಡಿದ್ದೆ ಕಣೆ" ಎಂದರು.

ಏರಿಗೇ ಬಿಡಪ್ಪಾ ಎಂದು ಬಾಬುವಿಗೆ ಹೇಳಿದೆ.

ಮೊದಲ ಸಲ ಆಟೋದಿಂದ ಇಳಿದೆ. ಇಪ್ಪತ್ಮೂರು ವರ್ಷ ಆಸೆಪಟ್ಟ ನಡಿಗೆ. ಹನ್ನೆರಡು ಹೆಜ್ಜೆಗೆ ಸುಸ್ತಾಗಿ ಕಲ್ಲಿನ ಮೇಲೆ ಕೂತುಬಿಟ್ಟೆ. ಅವರೂ ಪಕ್ಕದಲ್ಲಿ ಕೂತರು. ಚಮಚ ನೀರು ಹಿಡಿಯುವ ಮನುಷ್ಯನ ಕಣ್ಣಿಗೆ ಐದು ಹೆಜ್ಜೆಯಲ್ಲಿ ಮಣ್ಣೆರಚಿದೆನೆಂದು ನಂಬಿ, ಇಷ್ಟು ಸಂಜೆಗಳನ್ನು ಕೂತು ರುಬ್ಬಿದ್ದೆ. ಕತ್ತಲಾಗುವ ಮುಂಚೆ ಮನೆಗೆ ಬಂದು ನೋಡಿದರೆ, ಅಕ್ಕಿ ನೆನೆಹಾಕುವುದನ್ನೇ ಮರೆತಿದ್ದೆ. ಮಾರನೆಯ ದಿನ ಬೆಳಿಗ್ಗೆ ಉಪ್ಪಿಟ್ಟು. ಸಂಜೆ ಅವರು ಬಾಗಿಲಲ್ಲಿ ನಿಂತು "ಅಕ್ಕಿ ಹೇಗೂ ನೆನೆಹಾಕಿಲ್ಲ, ಬರ್ತೀಯಾ?" ಎಂದು ಕೇಳಿದರು.