ಅಕ್ಕ ಕೇಳಿದ ಕೊಸರು

ನಮ್ಮಕ್ಕ ಒಳಗೆ ಕಾಲಿಟ್ಟರೆ ಸೂಪರ್ ಮಾರ್ಕೆಟ್ಟಿನ ಏಸಿಗೂ ಬೆವರು ಬರುತ್ತದೆ! ನಂಬದವರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಊರಲ್ಲಿ ಯಾವ ಬಿಲ್ಲಿಂಗ್ ಕೌಂಟರಿಗಾದರೂ ಹೋಗಿ, "ಹಿತ್ತಾಳೆ ಪಾವಿನ ಅಜ್ಜಿ ಗೊತ್ತಾ?" ಎಂದು ಕೇಳಿ. ಗೊತ್ತು ಎನ್ನುವ ಮೊದಲು ಅವರು ಒಮ್ಮೆ ಬಾಗಿಲ ಕಡೆ ನೋಡುತ್ತಾರೆ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಎಪ್ಪತ್ತೈದು ದಾಟಿದೆ. ಪುರವರದಲ್ಲಿ ನಮ್ಮ ಪಕ್ಕದ ಮನೆಯೇ ಅವಳದು. ಮೂವತ್ತು ವರ್ಷ ನಾನು ಊರಲ್ಲಿ ದಿನಸಿ ಅಂಗಡಿ ಇಟ್ಟಿದ್ದೆ. ಅಷ್ಟೂ ವರ್ಷ ಅವಳು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಮಂಡಿನೋವು ಹೆಚ್ಚಾಗಿ ನಾನು ಅಂಗಡಿ ಮುಚ್ಚಿದ ಮಾರನೆಯ ದಿನವೇ ಬಂದು ನಿಂತಳು.

"ಇನ್ಮ್ಯಾಲೆ ಸಾಮಾನು ಎಲ್ಲಿ ತರಾದ್ಲಾ?"

"ಸೂಪರ್ ಮಾರ್ಕೆಟ್ಟು ಬೇಕಾದಷ್ಟವಲ್ಲಕ್ಕ."

"ಬೇಕಾದಷ್ಟವೆ ಸರಿ, ಯಾವುದ್ನ ನಂಬಾದು? ಎಲ್ಲಾನೂ ನೋಡೇಬುಡಾನ. ಚೀಲ ತಗಾ, ನಡಿ."

ಹೀಗೆ ಶುರುವಾಯಿತು ನಮ್ಮ ತಪಾಸಣೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವಲ್ಲ, ಅಕ್ಕನಿಗೆ ನಾಲ್ಕು ತಾಲ್ಲೂಕೂ ಮನೆಯ ಹಿತ್ತಲಾಯಿತು. ತೊಗರಿಬೇಳೆ ಕಿಲೋಗೆ ನಾಲ್ಕು ರೂಪಾಯಿ ಅಗ್ಗ ಎಂದು ಒಂದು ದಿನ ಶಿರಾಕ್ಕೆ ಎಳೆದುಕೊಂಡು ಹೋದಳು. ನನ್ನ ಹೋಗಿಬರುವ ಟಿಕೆಟ್ಟಿನ ದುಡ್ಡಿನಲ್ಲಿ ಇನ್ನೊಂದು ಕಿಲೋ ಬೇಳೆಯೇ ಬರುತ್ತಿತ್ತು. ಹಾಗೆಂದು ಬಾಯಿಬಿಟ್ಟರೆ, "ಗಂಡಸಾಗಿ ಹುಟ್ಟಿದ್ದು ನಿನ್ ತಪ್ಪು. ಅದ್ನ ಬೇಳೆ ಮೇಲ್ಯಾಕೆ ಹಾಕ್ತೀಯ?" ಎಂದಳು!

ಅದೇ ಶಿರಾದಲ್ಲಿ ಹೊರಗೆ ಬರುವಾಗ ಬಾಗಿಲ ಕಾವಲಿನವರು ತಡೆದರು. ಅಕ್ಕನ ಚೀಲದಲ್ಲಿ ಕಾಳು ಅಳೆಯುವ ಹಿತ್ತಾಳೆ ಪಾವು ಹೊಳೆಯುತ್ತಿತ್ತು. ಅದು ನಮ್ಮವ್ವನದು, ತಂದ ಪ್ಯಾಕೆಟ್ಟುಗಳನ್ನೆಲ್ಲ ಒಡೆದು ಅಳೆಯಲೆಂದು ಅಕ್ಕ ಹೋದಲ್ಲೆಲ್ಲ ಹೊತ್ತುಕೊಂಡು ತಿರುಗುತ್ತಾಳೆ.

"ಖಾಲಾ," ಎಂದು ಉರ್ದುವಿನಲ್ಲಿ ಚಿಕ್ಕಮ್ಮನೆಂದೇ ಕರೆದರು, "ಇದರ ಬಿಲ್ಲೆಲ್ಲಿ?"

"ಇದು ನಮ್ಮವ್ವನ ಮದುವೇಲಿ ಅವರಪ್ಪ ಕೊಟ್ಟಿದ್ದು ಕಣಪ್ಪ. ಬಿಲ್ಲು ಅವರತ್ರನೇ ಐತೆ, ಮೇಲೆ. ಹೋಗಿ ಈಸ್ಕೊಂಡು ಬತ್ತೀಯಾ?"

ಅವರು ಸಲಾಮು ಹೊಡೆದು ಬಾಗಿಲು ತೆರೆದರು.

ಗುಣಮಟ್ಟದ ಪರೀಕ್ಷೆ ಮನೆಯಲ್ಲಿ. ನಾಲ್ಕು ಪಾತ್ರೆಯಲ್ಲಿ ನಾಲ್ಕು ಬೇಳೆ ಬೇಯಿಸಿ, ನಾಲ್ಕು ಬಗೆ ಸಾರು ಮಾಡಿ, ಯಾವುದು ಎಲ್ಲಿಯದೆಂದು ಹೇಳದೆ ನನಗೆ ಬಡಿಸಿದಳು. ಕೊನೆಯದಕ್ಕೆ ಬರುವಷ್ಟರಲ್ಲಿ ನನ್ನ ಹೊಟ್ಟೆ ಬಿರಿಯುತ್ತಿತ್ತು. ಬಿಟ್ಟರೆ ಸಾಕೆಂದು, "ಇದೇ ಕಣಕ್ಕ, ಆಹಾ!" ಎಂದೆ.

"ಅದು ನಿನ್ನಂಗಡೀಲಿ ಹುಳ ಬಿದ್ದು ಉಳಿದಿತ್ತಲ್ಲ, ಆ ಬೇಳೆ. ನಿನ್ ನಾಲಗೆ ಕೆಲಸಕ್ಕೆ ಬರಾಕಿಲ್ಲ, ಏಳು."

ಇನ್ನು ಜಾಹೀರಾತು! ಪೇಪರಿನ ಮಡಿಕೆಯಲ್ಲಿ ಬರುವ ಕರಪತ್ರಗಳನ್ನೆಲ್ಲ ಅಕ್ಕ ದಿಂಬಿನ ಕೆಳಗೆ ಇಡುತ್ತಾಳೆ. ಅವಳಿಗೆ ದೊಡ್ಡ ಅಕ್ಷರ ಮಾತ್ರ ಕಾಣುತ್ತದೆ. 'ಒಂದು ಕಿಲೋ ಸಕ್ಕರೆ ಉಚಿತ' ಎಂಬುದರ ಪಕ್ಕದ ನಕ್ಷತ್ರದ ಗುರುತಿನ ಮೇಲೆ ಬೆರಳಿಟ್ಟಳು.

"ಈ ಚುಕ್ಕಿ ಯಾಕ್ಲಾ?"

"ಷರತ್ತೈತೆ ಅಂತ. ಕೆಳಗೆ ಸಣ್ಣಕ್ಷರದಲ್ಲಿ ಬರೆದವ್ರೆ. ಎರಡು ಸಾವಿರದ ಸಾಮಾನು ತಗಂಡ್ರೆ ಮಾತ್ರ ಸಕ್ಕರೆ."

"ಅಂಗಾದ್ರೆ ದೊಡ್ಡಕ್ಷರದಲ್ಲಿ ಕೊಟ್ಟು ಸಣ್ಣಕ್ಷರದಲ್ಲಿ ಕಿತ್ಕತಾರೆ ಅನ್ನು!"

ಅಂದಿನಿಂದ ಅನುಮಾನ ಬಂದದ್ದಕ್ಕೆಲ್ಲ ಚುಕ್ಕಿ. ಹುಡುಗಿ ನೋಡಲು ಬಂದ ಗಂಡಿನ ಬಗ್ಗೆ ನೆಂಟರು ಕೇಳಿದರೆ, "ಒಳ್ಳೇನೇ, ಆದ್ರೆ ಚುಕ್ಕಿ ಐತೆ" ಎಂದುಬಿಟ್ಟಳು. ಪಾಪ, ಆ ಸಂಬಂಧ ಅಲ್ಲಿಗೇ ನಿಂತಿತು.

ಆದರೆ ಅಕ್ಕನ ಕೊನೆಯ ಪರೀಕ್ಷೆಯಲ್ಲಿ ಮೊದಲ ಮೂರು ಊರಿನ ಅಂಗಡಿಗಳೂ ಫೇಲು. ಅದು ಕೊಸರು. ಅಳತೆ ಮುಗಿದ ಮೇಲೆ ಅಂಗಡಿಯವನು ಇನ್ನೊಂದು ಹಿಡಿ ಮೇಲೆ ಹಾಕುತ್ತಿದ್ದನಲ್ಲ, ಅದೇ. ಕೊರಟಗೆರೆಯಲ್ಲಿ ಬಿಲ್ಲಾದ ಮೇಲೂ ಅಕ್ಕ ಚೀಲ ಅಗಲಿಸಿಕೊಂಡೇ ನಿಂತಳು.

"ಕೊಸರು ಹಾಕಮ್ಮ."

"ಅದು ಯಾವ ಕಂಪನೀದು ಅಜ್ಜಿ?" ಎಂದು ಕೇಳಿದ ಹುಡುಗಿ, ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದಳು: "ಸ್ಟಾಕಿಲ್ಲ!"

ನೀವು ನಗುತ್ತಿದ್ದೀರಿ. ನಾನು ನಗಲಿಲ್ಲ. ಅಕ್ಕನ ಬಾಯಲ್ಲಿ ಕೊಸರು ಎಂಬ ಮಾತು ಬಂದರೆ, ಚೀಲದಿಂದ ಆ ಪಾವು ಹೊರಗೆ ಬಂದರೆ, ನಾನು ಮೆಲ್ಲಗೆ ಪಕ್ಕದ ಸಾಲಿಗೆ ಜಾರಿಬಿಡುತ್ತಿದ್ದೆ. ಕಾರಣ ಹೇಳಿಬಿಡುತ್ತೇನೆ. ಅಂಗಡಿ ಇಟ್ಟ ಎರಡನೆಯ ವರ್ಷ, ವ್ಯಾಪಾರ ಕೈಕಚ್ಚುತ್ತಿದ್ದಾಗ, ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ನನ್ನ ಅಂಗಡಿಯ ಪಾವನ್ನು ಬೋರಲು ಹಾಕಿ, ಗುಂಡುಕಲ್ಲಿನಿಂದ ಅದರ ತಳವನ್ನು ಒಳಕ್ಕೆ ತಟ್ಟಿದೆ. ನಾಲ್ಕೇ ಏಟು. ಪಾವಿಗೆ ಒಂದು ಹಿಡಿ ಕಾಳು ನನಗೆ ಉಳಿಯಿತು. ರಾಗಿ, ಅವರೆ, ಹುರುಳಿ ಎಲ್ಲ ಅದರಲ್ಲೇ ಅಳೆದೆ. ಅಕ್ಕನಿಗೂ ಅದರಲ್ಲೇ.

ಆ ದಿನಗಳಲ್ಲೂ ಅಕ್ಕನ ಕಾಟ ಕಡಿಮೆಯಿರಲಿಲ್ಲ. ಸಂಜೆಯಾದರೆ ಬಂದು ರಾಗಿ ಮೂಟೆಯ ಮೇಲೆ ಕೂತು, ಬಂದ ಗಿರಾಕಿಗಳಿಗೆಲ್ಲ ವಕೀಲಿ ಮಾಡುತ್ತಿದ್ದಳು: "ಕೊಸರು ಹಾಕ್ಲಾ! ಇನ್ನೊಂದು ಹಿಡಿ ಹಾಕ್ಲಾ, ಕೈ ಸವೆದೋಯ್ತದಾ?" ನಾಲ್ಕು ಜನರ ಮುಂದೆ ಇಲ್ಲವೆನ್ನುವುದು ಹೇಗೆ? ಹಲ್ಲು ಕಚ್ಚಿಕೊಂಡು ಹಾಕುತ್ತಿದ್ದೆ. ಊರವರು ನನ್ನದನ್ನು 'ಕೊಸರಂಗಡಿ' ಎಂದೇ ಕರೆದರು. ಆ ಹೊಗಳಿಕೆ ಕೇಳಿದಾಗಲೆಲ್ಲ ನಾಲ್ಕು ಏಟು ಕಿವಿಯಲ್ಲಿ ಮತ್ತೆ ಬೀಳುತ್ತಿದ್ದವು. ಅಕ್ಕನಿಗೆ ಗೊತ್ತಾದರೆ ಮುಖ ಹೇಗೆ ತೋರಿಸಲಿ?

ಹೋದ ತಿಂಗಳು ಪಾವಗಡಕ್ಕೆ ಹೋದೆವು. ಅಲ್ಲಿಯೂ ಚೀಲ ಅಗಲಿಸಿ, "ಕೊಸರಮ್ಮ" ಎಂದಳು. ಕೌಂಟರಿನ ತೆಲುಗು ಹುಡುಗಿ ನಕ್ಕುಬಿಟ್ಟಳು.

"ಕೊಸರಾ? ಮಾ ಅವ್ವ ಅಡಿಗೇದಿ ಅಟ್ಲೇ! ನಮ್ಮವ್ವಾನೂ ಹಿಂಗೇ ಕೇಳ್ತಿತ್ತು ಅಜ್ಜಿ. ಪ್ಯಾಕೆಟ್ಟಿಗೆ ಹೆಂಗೆ ಕೊಡ್ಲಿ?" ಎಂದವಳೇ ತನ್ನ ಊಟದ ಬ್ಯಾಗಿಗೆ ಕೈಹಾಕಿ, ಹುರಿದ ಕಡಲೇಕಾಯಿಯನ್ನು ಎರಡು ಹಿಡಿ ತೆಗೆದು ಅಕ್ಕನ ಪಾವಿಗೆ ಸುರಿದಳು.

ತೀರ್ಪು ಅಲ್ಲೇ ಆಗಿಹೋಯಿತು. ಬೆಲೆಯಲ್ಲಿ ಶಿರಾ, ಬೇಳೆಯಲ್ಲಿ ಮಧುಗಿರಿ, ತಂಪಿನಲ್ಲಿ ಕೊರಟಗೆರೆ ಮುಂದಿದ್ದರೂ ಮೊದಲ ಸ್ಥಾನ ಪಾವಗಡಕ್ಕೆ!

ವಾಪಸ್ಸು ಬರುವ ಬಸ್ಸಿನಲ್ಲಿ ಅಕ್ಕ ಪಾವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ನೋಡ್ಲಾ, ತನ್ನ ಊಟದಲ್ಲಿ ಕೊಡ್ತು ಮಗ. ಅದಕ್ಕೆ ಚುಕ್ಕಿ ಇಲ್ಲ." ಆ ಮಾತು ನನ್ನ ಎದೆಗೇ ನಾಟಿತು. ಮಿಡಿಗೇಶಿಯಲ್ಲಿ ಬಸ್ಸು ನಿಂತು ಜನ ಇಳಿಯುತ್ತಿದ್ದರು. ಇನ್ನು ತಡೆಯಲಾಗಲಿಲ್ಲ.

"ಅಕ್ಕ, ನನ್ನಂಗಡಿ ಪಾವು..."

"ತಳ ಎದ್ದಿತ್ತು," ಎಂದು ಅಕ್ಕನೇ ಮಾತು ಮುಗಿಸಿದಳು.

"ನಿಂಗೆ ಹೆಂಗೆ ಗೊತ್ತು?"

"ಅವ್ವನ ಪಾವು ಮನೇಲಿರ್ಲಿಲ್ವೇನ್ಲಾ? ಅವತ್ತೇ ಅಳೆದೆ. ಒಂದು ಹಿಡಿ ಕಮ್ಮಿ."

"ಮತ್ಯಾಕೆ ಕೇಳ್ಲಿಲ್ಲ?"

"ಕೇಳ್ಲಿಲ್ವಾ? ಇಪ್ಪತ್ತೆಂಟು ವರ್ಷ ಮೂಟೆ ಮ್ಯಾಲೆ ಕೂತು ಇನ್ನೇನ್ಲಾ ಕೇಳ್ತಿದ್ದೆ ನಾನು? ಇನ್ನೊಂದು ಹಿಡಿ ಹಾಕು, ಇನ್ನೊಂದು ಹಿಡಿ ಹಾಕು ಅಂತ!"

"ನೀನು ಬರದ ದಿನ?"

"ನಿನ್ ಕೈಗೆ ಅಭ್ಯಾಸ ಆಗೋಗಿತ್ತು. ಆಗ್ದಿದ್ರೂ ಜನ ಬುಡ್ತಿದ್ರಾ? ನಾನು ಅವ್ರ ಬಾಯಿಗೂ ಅಭ್ಯಾಸ ಮಾಡ್ಸಿದ್ದೆ."

ಬಸ್ಸು ಹೊರಟಿತು. ಇಷ್ಟು ವರ್ಷದ ಮೇಲೆ ನನ್ನ ಎದೆಯೊಳಗಿನ ಗುಂಡುಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು. ತಟ್ಟಿದವನು ನಾನೇ, ಆ ತಪ್ಪು ನನ್ನದೇ. ಆದರೆ ಊರವರ ಚೀಲದಲ್ಲಿ ಕಾಳು ಕಡಿಮೆಯಾಗಿರಲಿಲ್ಲ! ಕನ್ನಡಕ ತೆಗೆದು ಒರೆಸಿಕೊಂಡೆ. ಅಕ್ಕ ನೋಡಿಯೂ ನೋಡದಂತೆ ಕಿಟಕಿಯ ಕಡೆ ತಿರುಗಿದಳು.

"ನಿಂಗೂ ಒಂದು ಚುಕ್ಕಿ ಇತ್ತು ಕಣ್ಲಾ. ಕೆಳಗೆ ಸಣ್ಣಕ್ಷರದಲ್ಲಿ ನಾನಿದ್ದೆ, ಅಷ್ಟೆಯ."

ಆಮೇಲೆ ಪಾವು ಬಗ್ಗಿಸಿ ಅರ್ಧ ಕಡಲೇಕಾಯಿಯನ್ನು ನನ್ನ ಬೊಗಸೆಗೆ ಸುರಿದಳು. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಅವಳು ಇನ್ನೊಂದು ಹಿಡಿ ಹಾಕಿದಳು.